ಕೊಸರು

ಬಿ.ಎಂ. ರಸ್ತೆಯಿಂದ ಒಳಕ್ಕೆ, ಲಾರಿಗಳು ಹಿಮ್ಮುಖವಾಗಿ ಬರುವ
ಓಣಿಯ ಕೊನೆಗೆ ನಮ್ಮ ಕ್ಯೂರಿಂಗ್ ವರ್ಕ್ಸು.
ನಲವತ್ತಾರು ಹೆಂಗಸರು, ನೆಲಕ್ಕೆ ಹಾಸಿದ ಗೋಣಿ,
ಎದುರಿಗೆ ಕಾಫಿ ಬೀಜದ ಗುಡ್ಡೆ.
ಕರಿದು ಈಚೆ, ಒಡಕು ಆಚೆ,
ಹುಳು ಕೊರೆದದ್ದು ಮಂಡಿಯ ಪಕ್ಕಕ್ಕೆ.
ಬೆರಳು ಆಡುವಷ್ಟು ಬಾಯಿ ಆಡುವುದಿಲ್ಲ ಅಲ್ಲಿ.

ನಾನು ಬುಕ್ಕಿನ ಸಾರ್.
ಹೆಸರೊಂದಿದೆ, ಯಾರೂ ಕರೆಯುವುದಿಲ್ಲ.
ತಕ್ಕಡಿಯ ಕೆಂಪಂಕಿ ನೋಡುವುದು, ಬರೆಯುವುದು,
ಕಿಲೋಗೆ ಇಷ್ಟೆಂದು ಶನಿವಾರ ಎಣಿಸಿ ಕೊಡುವುದು.

ಆ ತಕ್ಕಡಿಗೆ ಮುನ್ನೂರು ಗ್ರಾಂ ನುಂಗಲು ಕಲಿಸಿದ್ದು
ಸೂಪರ್‌ವೈಸರ್ ಪುಟ್ಟಸೋಮಯ್ಯ.
ಬುಟ್ಟಿಗೆ ಮುನ್ನೂರು.
‘ತೇವದ ಲೆಕ್ಕ ಕಣಯ್ಯ’ ಅಂದ.
ಏಪ್ರಿಲ್ ಬಿಸಿಲು; ಕಚ್ಚಿದರೆ ಹಲ್ಲು ಸೀಳುವಷ್ಟು
ಒಣಗಿತ್ತು ಬೀಜ.
ಯಾವ ತೇವ ಎಂದು ಕೇಳಲಿಲ್ಲ ನಾನು.
ಲಂಚ ಎನ್ನುವಂಥದ್ದೇನೂ ಇರಲಿಲ್ಲ,
ದಿನಕ್ಕೊಂದು ಮಸಾಲೆ ದೋಸೆ,
ಅದರಲ್ಲೂ ಅರ್ಧ ಅವನದು.
ಇಷ್ಟು ಅಗ್ಗಕ್ಕೆ ಹೋದೆನೆ ಎಂಬುದು ಆಮೇಲೆ ಬಂದ ಯೋಚನೆ.
ಆಗ ಅಂದುಕೊಂಡದ್ದು ಇಷ್ಟೆ:
ಅಂಕಿ ತಕ್ಕಡಿಯದು, ಕೈ ಮಾತ್ರ ನನ್ನದು.

ಫಿಲೋಮಿನಾ ಒಮ್ಮೆ ಬುಟ್ಟಿ ಎತ್ತಿ
‘ಇವತ್ತು ಎಂಟರ ಮೇಲಿದೆ ಸಾರ್’ ಅಂದಳು.
ತಕ್ಕಡಿ ಏಳು ಎಂಟುನೂರು ಅಂದಿತು.
ಅವಳು ತನ್ನ ತೋಳನ್ನು ನೋಡಿಕೊಂಡಳು,
ಹದಿನೇಳು ವರ್ಷ ನಂಬಿದ್ದ ತೋಳು
ಇವತ್ತು ಸುಳ್ಳು ಹೇಳಿತೇನೋ ಎಂಬಂತೆ.

ಬಸವ ಜಯಂತಿಯ ಮಾರನೆ ದಿನ, ಊಟದ ಹೊತ್ತು,
ಚಿಕ್ಕತಾಯಮ್ಮ ಮೊಮ್ಮಗಳನ್ನು ತಂದಳು.
ದೊಡ್ಡಾಸ್ಪತ್ರೆಯಿಂದ ಸೀದಾ ಬಂದದ್ದು,
ಮಗಳು ಗೇಟಿನ ಹತ್ತಿರ ಬಸ್ಸಿನ ಚಿಲ್ಲರೆ ಎಣಿಸುತ್ತಿದ್ದಳು.
ಕೈಯಿಂದ ಕೈಗೆ ದಾಟಿತು ಮಗು,
ಎಲ್ಲರ ಬೆರಳೂ ಕಾಫಿ ವಾಸನೆ.
ಯಾರೋ ನಗುತ್ತ ಅಂದರು, ‘ತೂಗೋಣ ಕಣ್ರೇ, ಬುಕ್ಕಿನ ಸಾರ್ ಬರ್ಕೊಳ್ಲಿ!’
ಗೋಣಿ ಮಡಿಸಿ, ಮೇಲೆ ಸೆರಗು ಹಾಸಿ, ಅಂಕಿಯನ್ನು ಸೊನ್ನೆಗೆ ತಂದು
ಮಲಗಿಸಿದರು.

ಆಸ್ಪತ್ರೆಯ ಕಾರ್ಡಿನಲ್ಲಿ, ಬೆಳಿಗ್ಗೆಯ ಹಸಿ ಶಾಯಿ:
ಮೂರು ಕಿಲೋ ಇನ್ನೂರು.
ತಕ್ಕಡಿಯಲ್ಲಿ:
ಎರಡು ಒಂಬೈನೂರು.

ಮಗು ಮುಷ್ಟಿ ಬಿಗಿದು ಆಕಳಿಸಿತು.

ಒಂದು ಗಳಿಗೆ, ಅಷ್ಟೆ.
ಶಾಲೆ ಕಂಡವರು, ಕಾಣದವರು,
ನಲವತ್ತಾರು ಮಂದಿ ಒಟ್ಟಿಗೆ ಕಳೆಯುವ ಲೆಕ್ಕ ಮಾಡುವ ಸದ್ದು
ಕೇಳಿಸಿತು ನನಗೆ.
ಜೈತೂನ್‌ಬಿ ಮೆಲ್ಲಗೆ ಅಂದಳು,
‘ಮಗೀನಲ್ಲೂ ತೇವ ಇದ್ದೀತು ಸಾರ್.’

ಯಾರೂ ನಗಲಿಲ್ಲ.
ನನ್ನ ಕೈಯ ಪೆನ್ನಿಗೆ ಮುಚ್ಚಳ ಸಿಗಲಿಲ್ಲ.

ಆಮೇಲೆ ಆದದ್ದು ಯಾರಿಗೂ ಹೊಸದಲ್ಲ.
ತಕ್ಕಡಿ ರಿಪೇರಿಗೆ ಹೋಯಿತು.
ಪುಟ್ಟಸೋಮಯ್ಯ ಅರಸೀಕೆರೆ ಗೋದಾಮಿಗೆ ಹೋದ,
ಮ್ಯಾನೇಜರಾಗಿ.
ಜೈತೂನ್‌ಬಿಗೆ ಸೀಸನ್ ಮುಗಿಯಿತು,
ಉಳಿದ ನಲವತ್ತೈದು ಜನಕ್ಕೆ ಇನ್ನೂ ತಿಂಗಳಿತ್ತು.
ಹಿಂದಿನ ವರ್ಷಗಳ ಬುಕ್ಕುಗಳು
ತೇವ ತಗುಲಿ ಹಾಳಾದವೆಂದು ಬರೆಸಿದರು,
ನನ್ನ ಕೈಯಲ್ಲೇ. ಅಕ್ಷರ ದುಂಡಗೇ ಬಂತು.
ಚಿಕ್ಕತಾಯಮ್ಮ ಮಾತ್ರ ತನ್ನನ್ನೇ ಬೈದುಕೊಂಡಳು:
‘ಹಸುಗೂಸನ್ನ ತೂಗಬಾರದಿತ್ತು, ದೃಷ್ಟಿಯಾಯ್ತದೆ.’
ಆ ತಾಯಿ ಈಗ ಅಂಗನವಾಡಿಯಲ್ಲಿ
ಮಗುವನ್ನು ಎರಡೆರಡು ಸಲ ತೂಗಿಸುತ್ತಾಳಂತೆ,
ಇಳಿಸಿ, ಮತ್ತೆ ಮಲಗಿಸಿ.

ಭಾನುವಾರ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ
ಎರಡು ಕಿಲೋ ಆಲೂಗೆಡ್ಡೆ ಕೊಂಡೆ.
ನನ್ನ ಕಣ್ಣು ಗೆಡ್ಡೆಯ ಮೇಲಿಲ್ಲ, ತಟ್ಟೆಯ ಕೆಳಗೆ
ಅವನ ಕಿರುಬೆರಳು ಎಲ್ಲಿದೆ ಎಂದು ನೋಡುತ್ತಿತ್ತು.
ಸರಿಯಾಗಿಯೇ ತೂಗಿದ.
ಚೀಲಕ್ಕೆ ಸುರಿದ ಮೇಲೆ ಇನ್ನೊಂದು ಎತ್ತಿ ಹಾಕಿ
‘ಕೊಸರು, ಇರ್ಲಿ ಬಿಡಿ’ ಅಂದ.
ಮುಖ ಕೂಡ ನೋಡಲಿಲ್ಲ ನನ್ನದು,
ಆಗಲೇ ಮುಂದಿನ ಗಿರಾಕಿಗೆ ತಿರುಗಿದ್ದ.

ಮನೆಯಲ್ಲಿ ಹೆಂಡತಿ ಸುಲಿದು, ಹೆಚ್ಚಿ, ಹುಳಿಗೆ ಹಾಕಿದ್ದಾಳೆ.
ಯಾವ ಬುಕ್ಕಿಗೂ ಸೇರದ ಆ ಒಂದು
ಇವುಗಳಲ್ಲಿ ಯಾವುದು ಎಂದು ತಿಳಿಯುವುದಿಲ್ಲ.
‘ಯಾಕೆ, ಉಪ್ಪು ಕಮ್ಮಿಯಾಯ್ತಾ?’ ಅನ್ನುತ್ತಾಳೆ.
ಇಲ್ಲ ಅನ್ನುತ್ತೇನೆ.
ಹೋಳುಗಳನ್ನು ತಟ್ಟೆಯ ಅಂಚಿಗೆ ಸರಿಸುತ್ತೇನೆ,
ಒಂದೊಂದಾಗಿ.